ಸೆಲ್ಲು ಬಿಸಿ ಮಾಡಲು ಹೇಳಿಕೊಟ್ಟ ಉಪಾಯನಿಧಿಯವರಿಗೆ

ಆಂಟಾಪ್ ಹಿಲ್, ಮುಂಬಯಿ
ಫೆಬ್ರುವರಿ 23, 1975

ಮಾನ್ಯರಲ್ಲಿ ಮಾನ್ಯರಾದ ಉಪಾಯನಿಧಿಯವರೇ,

ಚಾಳಿನ ಎರಡನೆಯ ಮಾಳಿಗೆಯಲ್ಲಿ, ನೀರಿನ ಡ್ರಮ್ಮಿನ ಮೇಲೆ ಹಲಗೆ ಹಾಸಿ ಮಾಡಿಕೊಂಡ ಮೇಜಿನ ಮುಂದೆ ಕುಳಿತು, ತಮಗೂ ತಮ್ಮ ಲೇಖನಿಗೂ ಕೈಜೋಡಿಸಿ ವಂದಿಸುತ್ತೇನೆ. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಮನೆಯ ಗಡಿಯಾರ, ಸ್ಟವ್, ಇಸ್ತ್ರಿಪೆಟ್ಟಿಗೆ, ರೇಡಿಯೋ ಮೊದಲಾದವು ತಮ್ಮ ಉಪಾಯಗಳ ಕಣ್ಣಿಗೆ ಬೀಳದೆ ಇನ್ನೂ ಜೀವದಿಂದಿವೆಯೆಂದೂ ನಂಬಿದ್ದೇನೆ. ತಮ್ಮ ಉಪಾಯಗಳು ಪ್ರತಿ ವಾರ ಬಹಿರಂಗವಾಗಿ ಬರುತ್ತಿರುವಾಗ, ಅವುಗಳಿಂದ ಉಪಕೃತನಾದವನ ಕೃತಜ್ಞತೆ ಮಾತ್ರ ಲಕೋಟೆಯೊಳಗೆ ಗುಟ್ಟಾಗಿ ಬರುವುದು ನ್ಯಾಯವಲ್ಲವೆಂದು ತೋರಿ, ಈ ಪತ್ರವನ್ನು ತಮ್ಮ ಅಂಕಣದ ಪಕ್ಕದಲ್ಲೇ ಅಚ್ಚು ಹಾಕಬೇಕೆಂದು ಸಂಪಾದಕರನ್ನು ಬೇಡಿಕೊಂಡಿದ್ದೇನೆ.

ನನ್ನ ಹೆಸರು ಬಸವಂತರಾಯ. ಆಳಂದ ಕಡೆಯವನು. ಈ ಊರಿಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಕುರ್ಲಾದಲ್ಲಿ ತಗಡಿನ ಟ್ರಂಕು ಮಾಡುವ ಒಂದು ಸಣ್ಣ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತೇನೆ. ನಮ್ಮ ಮಾಳಿಗೆಯಲ್ಲಿ ಕನ್ನಡ ಮಾತಾಡುವ ಮನೆಗಳು ಒಂಬತ್ತಿದ್ದರೂ ಕನ್ನಡ ವಾರಪತ್ರಿಕೆ ತರಿಸುವವನು ನಾನೊಬ್ಬನೇ ಆದ್ದರಿಂದ, ಭಾನುವಾರ ಬೆಳಿಗ್ಗೆ ಕೋಣೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಸ್ಟೂಲು ಹಾಕಿಕೊಂಡು ತಮ್ಮ ‘ಅಂಗೈ ಉಪಾಯ’ವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುವುದು ನನ್ನ ಪಾಲಿಗೆ ಬಂದ ಗೌರವವಾಗಿತ್ತು. ಹೆಂಗಸರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಗಂಡಸರು ಕೇಳದವರಂತೆ ನಟಿಸುತ್ತಾ ಕೇಳುತ್ತಿದ್ದರು. ತಮ್ಮ ಮಾತು ನನ್ನ ಬಾಯಿಂದ ಬರುತ್ತಿದ್ದುದರಿಂದ ಬುದ್ಧಿವಂತನೆಂಬ ಹೆಸರು ನನಗೇ ಬಂತು. ಅದನ್ನು ತಮಗೆ ಹಿಂದಿರುಗಿಸುವ ಯೋಚನೆ ನನಗೆ ಒಂದು ದಿನವೂ ಬರಲಿಲ್ಲವೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ನನ್ನ ಮೊದಲ ದೂರು ಏನೆಂದರೆ, ತಮ್ಮ ಮೊದಲ ಉಪಾಯ ಫಲಿಸಿತು. ಮಳೆಗಾಲದಲ್ಲಿ ಉಪ್ಪು ನೀರೊಡೆಯದಂತೆ ಡಬ್ಬಿಯಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಡಿ ಎಂದು ತಾವು ಬರೆದಿರಿ. ನನ್ನ ಹೆಂಡತಿ ಗುರುಬಾಯಿ ಹಾಗೆಯೇ ಮಾಡಿದಳು. ಜುಲೈ ತಿಂಗಳ ಮುಂಬಯಿಯಲ್ಲಿ ನಮ್ಮ ಮನೆಯ ಉಪ್ಪು ಹಿಟ್ಟಿನಂತೆ ಉದುರತೊಡಗಿತು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಅಂದು ಆ ಉಪಾಯ ಕೈಕೊಟ್ಟಿದ್ದರೆ ನಾನು ಪತ್ರಿಕೆಯ ಕೊನೆಯ ಪುಟದ ರಾಶಿಫಲಕ್ಕೆ ಮರಳಿ, ಇಂದಿಗೂ ಮರ್ಯಾದಸ್ಥನಾಗಿ ಬಾಳುತ್ತಿದ್ದೆ. ಮನುಷ್ಯನನ್ನು ಕೆಡಿಸಬಾರದೆಂದಿರುವವರು ಮೊದಲನೆಯ ಸಲವೇ ಹೀಗೆ ಗೆಲ್ಲಿಸಬಾರದು.

ಎರಡನೆಯದೂ ಫಲಿಸಿತು. ಅಲಾರಾಮಿನ ಸದ್ದು ಸಾಲದಿದ್ದರೆ ಗಡಿಯಾರವನ್ನು ಖಾಲಿ ತಗಡಿನ ಡಬ್ಬಿಯೊಳಗಿಡಿ ಎಂದಿರಿ. ನಮ್ಮ ಕಾರ್ಖಾನೆಯಲ್ಲಿ ತಗಡಿಗೆ ಬರವಿಲ್ಲವಾದ್ದರಿಂದ ನಾನು ಡಬ್ಬಿಯ ಬದಲು, ಮುಚ್ಚಳ ಸೊಟ್ಟಗಾಗಿ ಮೂಲೆಗೆ ಬಿದ್ದಿದ್ದ ಒಂದು ಟ್ರಂಕಿನಲ್ಲಿ ಇಟ್ಟೆ. ಬೆಳಗಿನ ಐದು ಗಂಟೆಗೆ ಮೂರು ಮಾಳಿಗೆಗಳೂ ಒಟ್ಟಿಗೆ ಎದ್ದವು. ಕೆಳಗಿನ ಮನೆಯ ಮುದುಕರೊಬ್ಬರು ಅಂಗಳಕ್ಕೆ ಓಡಿ ನಿಂತು ಕಟ್ಟಡ ಬೀಳುತ್ತಿದೆಯೆಂದು ಎಲ್ಲರನ್ನೂ ಕರೆದರು. ಆದರೂ ಆ ದಿನ ಎಲ್ಲರಿಗೂ ನಲ್ಲಿಯಲ್ಲಿ ನೀರು ಸಿಕ್ಕಿತಾದ್ದರಿಂದ ಯಾರೂ ನನ್ನನ್ನು ಹೆಚ್ಚಾಗಿ ಬೈಯಲಿಲ್ಲ. ನನ್ನ ಹೆಮ್ಮೆಗೂ ಏನೂ ಆಗಲಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಅದಕ್ಕಾಗಿ ತಮಗೆ ದಾನವ್ವನ ಪರಿಚಯ ಮಾಡಿಕೊಡಬೇಕು. ಆಕೆ ನಮ್ಮ ಮಾಳಿಗೆಯ ಕೊನೆಯ ಕೋಣೆಯಲ್ಲಿ ಒಬ್ಬಳೇ ಇರುವ ಹೆಂಗಸು. ವಯಸ್ಸು ಐವತ್ತರ ಆಚೀಚೆ. ಇಂಡಿ ತಾಲೂಕಿನವಳು. ಕಟ್ಟಡದ ಕೆಲಸಕ್ಕೆ ಹೋಗಿ ದಿನವಿಡೀ ತಲೆಯ ಮೇಲೆ ಸಿಮೆಂಟು ಬುಟ್ಟಿ ಹೊರುತ್ತಾಳೆ. ಊರಿನಲ್ಲಿದ್ದಾಗ ಅವಳು ಹಾಡುಗಾರ್ತಿ. ಕುಟ್ಟುವ, ಬೀಸುವ ಹಾಡುಗಳು ಅವಳ ಬಾಯಲ್ಲಿ ನೂರಾರು ಇದ್ದವಂತೆ. ಅವಳ ಒಬ್ಬಳೇ ಮಗಳು ಸೇವಂತಿ ತಾಯಿಯ ದನಿಯನ್ನೂ ಹಾಡುಗಳನ್ನೂ ಎತ್ತಿಕೊಂಡು, ಊರೂರು ತಿರುಗಿ ಹಾಡುವ ಒಂದು ಮೇಳಕ್ಕೆ ಸೇರಿದಳು. ಅಲ್ಲಿ ದಪ್ಪು ಬಾರಿಸುವವನನ್ನೇ ಮದುವೆಯೂ ಆದಳು. ಮನೆಯಂಗಳದ ಹಾಡನ್ನು ಸಂತೆಗೆ ಒಯ್ದಳೆಂದು ದಾನವ್ವನಿಗೆ ಸಿಟ್ಟು. ಆ ಸಿಟ್ಟಿನಲ್ಲೇ ಕೂಲಿಯವರ ಗುಂಪಿನ ಜೊತೆ ರೈಲು ಹತ್ತಿ ಮುಂಬಯಿಗೆ ಬಂದವಳು ಆರು ವರ್ಷದಿಂದ ಮಗಳ ಮುಖ ನೋಡಿರಲಿಲ್ಲ. ತಾನೂ ಒಂದು ಸಾಲು ಹಾಡಿರಲಿಲ್ಲ. ಹೊಸ ವರ್ಷದ ಮೊದಲ ವಾರದಲ್ಲಿ ಆ ಸೇವಂತಿಯ ಒಂದು ಕಾರ್ಡು ಬಂತು. ಓದಿ ಹೇಳಲು ದಾನವ್ವ ನನ್ನ ಹತ್ತಿರ ತಂದಳು.

ಕಾರ್ಡಿನಲ್ಲಿ ಇದ್ದದ್ದು ಇಷ್ಟು: ಇದೇ ಜನವರಿ ಹದಿನೇಳು, ಶುಕ್ರವಾರ ಸಂಜೆ ಏಳು ಗಂಟೆಗೆ ಧಾರವಾಡ ರೇಡಿಯೋದಲ್ಲಿ ಹದಿನೈದು ನಿಮಿಷ ನಾನು ಹಾಡುತ್ತೇನೆ. ಇದನ್ನು ಓದುವವರು ಅವ್ವಗೆ ಹೇಳಿರಿ. ಅವ್ವ ಮಾತಾಡದಿದ್ದರೂ ಇರಲಿ, ಕೇಳಿದರೆ ಸಾಕು. ತಪ್ಪಿದ್ದರೆ ಬೈಯುವುದಕ್ಕಾದರೂ ಬರಲಿ.

ನಾನು ಓದಿ ಮುಗಿಸಿ ತಲೆ ಎತ್ತಿದೆ. ದಾನವ್ವ ಗೋಡೆ ನೋಡುತ್ತಿದ್ದಳು.

“ನಾ ಏನ್ ಕೇಳಾಂಗಿಲ್ಲ. ಕೇಳೂ ಮಂದಿ ಕೇಳ್ಲಿ,” ಎಂದು ಕಾರ್ಡನ್ನು ಕಿತ್ತುಕೊಂಡು ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದಳು. ಮರುದಿನ ಸಂಜೆ ಕೆಲಸದಿಂದ ಬರುತ್ತಲೇ ನಮ್ಮ ಬಾಗಿಲಲ್ಲಿ ನಿಂತು, “ಈ ಧಾರವಾಡ ಅಂಬೂದು ಇಲ್ಲೀತನಕ ಕೇಳತೈತೇನ್ರಿ?” ಎಂದು ವಿಚಾರಿಸಿದಳು. ಅದರ ಮರುದಿನ, “ಏಳ ಗಂಟೆ ಅಂದ್ರ ಹೊತ್ತ ಮುಣಗಿದ ಮ್ಯಾಲೇನ್ರಿ?” ಎಂದಳು. ಕೇಳುವುದಿಲ್ಲವೆಂದು ಹೇಳಿದ ಹೆಂಗಸು ಹೀಗೆ ದಿನಕ್ಕೊಂದು ಪ್ರಶ್ನೆ ತರುತ್ತಿದ್ದುದನ್ನು ನೋಡಿ ಗುರುಬಾಯಿ ಒಳಗೆ ಹೋಗಿ ಕಣ್ಣೊರೆಸಿಕೊಂಡಳು. ನನಗಾದರೋ ತಮ್ಮ ನೆನಪಾಯಿತು. ಈ ತಾಯಿ ಮಗಳ ನಡುವೆ ಈಗ ಉಳಿದಿರುವುದು ಬರೀ ರೇಡಿಯೋದ ಸಮಸ್ಯೆ, ರೇಡಿಯೋದ ಸಮಸ್ಯೆಗೆ ಉಪಾಯನಿಧಿಗಳಿದ್ದಾರೆ, ಆದ್ದರಿಂದ ಚಿಂತೆಯಿಲ್ಲ ಎಂದು ನಾನು ಘೋಷಿಸಿದೆ.

ನಮ್ಮ ಮಾಳಿಗೆಯಲ್ಲಿದ್ದ ಟ್ರಾನ್ಸಿಸ್ಟರ್ ಒಂದೇ. ಅದು ನನ್ನ ಪಕ್ಕದ ಕೋಣೆಯ ಕಾಂತಪ್ಪನದು. ಉಡುಪಿ ಕಡೆಯ ಕಾಂತಪ್ಪ ಇಲ್ಲಿಂದ ಹತ್ತು ಹನ್ನೆರಡು ನಿಮಿಷ ನಡೆದರೆ ಸಿಗುವ ಒಂದು ಹೋಟೆಲಿನಲ್ಲಿ ಸಪ್ಲೈಯರ್. ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ. ಆ ರೇಡಿಯೋಗೆ ಅವನು ಚರ್ಮದ ಅಂಗಿ ಹೊಲಿಸಿದ್ದಾನೆ. ತನಗೆ ಹೊಸ ಅಂಗಿ ಹೊಲಿಸಿದ್ದನ್ನು ನಾನು ಕಂಡಿಲ್ಲ. ಸಂಜೆ ಹೊತ್ತು ಹೋಟೆಲಿನಲ್ಲಿ ಅವನಿಗೆ ಬಿಡುವಿರುವುದಿಲ್ಲವಾದ್ದರಿಂದ, ವಿಷಯ ತಿಳಿದು, ರೇಡಿಯೋವನ್ನು ತಾನಾಗಿಯೇ ತಂದು ನನ್ನ ಕೈಗೆ ಕೊಟ್ಟ. “ಅವರ ಮಗಳ ಹಾಡು ಅಲ್ವಾ, ತಕೊಳ್ಳಿ ಬಸವಂತರಾಯ್ರೇ. ಸೆಲ್ಲು ಮಾತ್ರ ಸ್ವಲ್ಪ ವೀಕ್ ಉಂಟು. ಹೊಸತು ಹಾಕಿ ಬಿಡಿ,” ಎಂದ.

ಹೊಸತು ಹಾಕಿ ಬಿಡಿ! ಮಾನ್ಯರೇ, ಎಂಥ ಸರಳ ಮಾತು! ಪಕ್ಕದಲ್ಲೇ ನಿಂತಿದ್ದ ದಾನವ್ವ ಕೂಡ, “ಹೊಸಾ ಸೆಲ್ಲ ತರ್ರಿ ಯಪ್ಪಾ, ರೊಕ್ಕ ನಾ ಕೊಡ್ತೀನಿ,” ಎಂದು ಸೆರಗಿನ ಗಂಟು ಬಿಚ್ಚಿದಳು. ನಾನು ಕೈ ಅಡ್ಡ ಹಿಡಿದೆ. ಏಕೆಂದರೆ ಅದರ ಹಿಂದಿನ ಭಾನುವಾರವಷ್ಟೇ ತಾವು ಬರೆದಿದ್ದಿರಿ: “ಶಕ್ತಿಗುಂದಿದ ಸೆಲ್ಲುಗಳನ್ನು ಎಸೆಯಬೇಡಿ. ಬಿಸಿಲಿನಲ್ಲಿಟ್ಟರೆ ಅವು ಮರುಜೀವ ಪಡೆಯುತ್ತವೆ. ಬಿಸಿಲಿನ ಅಭಾವವಿದ್ದಲ್ಲಿ ತುಸು ಶಾಖ ತಾಗಿಸಿದರೂ ಆದೀತು.” ನನ್ನ ಬಾಯಿಂದ ಹೊರಬಿದ್ದು ಇನ್ನೂ ವಾರ ಕಳೆಯದ ಮಾತು. ಅದನ್ನು ಬಿಟ್ಟು ಅಂಗಡಿಗೆ ಹೋಗಿ ಹೊಸ ಸೆಲ್ಲು ಕೊಂಡು ತಂದರೆ ಓದಿದವನ ಮಾನ ಉಳಿಯುವುದು ಹೇಗೆ? “ರೊಕ್ಕ ಕಟ್ಟಿ ಇಟ್ಕೊ ದಾನವ್ವ, ನನ್ನ ಹತ್ರ ಉಪಾಯ ಅದ,” ಎಂದೆ. ಈ ಪತ್ರದಲ್ಲಿ ನಾನು ತಮ್ಮ ಮೇಲೆ ಹೊರಿಸುತ್ತಿರುವ ಎಲ್ಲ ತಪ್ಪುಗಳ ನಡುವೆ ಆ ಒಂದು ವಾಕ್ಯ ಮಾತ್ರ ಸಂಪೂರ್ಣವಾಗಿ ನನ್ನದು.

ಶುಕ್ರವಾರಕ್ಕೆ ಮೊದಲು, ಬುಧವಾರ, ನಾವು ಒಂದು ತಾಲೀಮು ನಡೆಸಿದೆವು. ಧಾರವಾಡವೆಂದರೆ ಎಲ್ಲಿಯ ಮಾತು! ದೂರದ ನಿಲಯ ಹಿಡಿಯಲು ರೇಡಿಯೋದ ಏರಿಯಲ್ಲಿಗೆ ತಾಮ್ರದ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ಉದ್ದವಾದ ಲೋಹದ ವಸ್ತುವಿಗೆ ಕಟ್ಟಬೇಕೆಂಬ ತಮ್ಮ ಹಳೆಯ ಉಪಾಯವೊಂದಿತ್ತು. ನಮ್ಮ ಚಾಳಿನಲ್ಲಿ ಉದ್ದವಾದ ಲೋಹದ ವಸ್ತುವೆಂದರೆ ಗ್ಯಾಲರಿಯ ಉದ್ದಕ್ಕೂ ಬಟ್ಟೆ ಒಣಹಾಕುವ ತಂತಿ. ಅದಕ್ಕೇ ಕಟ್ಟಿದೆ. ಆಮೇಲೆ ತಿಳಿದ ಸಂಗತಿಯೆಂದರೆ, ನಿಲಯಗಳು ಬಟ್ಟೆಗಳನ್ನು ಅವಲಂಬಿಸಿದ್ದವು. ಗುರುಬಾಯಿಯ ಒದ್ದೆ ಸೀರೆ ತಂತಿಯ ಮೇಲಿದ್ದಾಗ ಮರಾಠಿ ಭಾಷಣ ಬರುತ್ತಿತ್ತು. ಸೀರೆ ಎಳೆದರೆ ಯಾವುದೋ ಭಾಷೆಯಲ್ಲಿ ಪೇಟೆ ಧಾರಣೆ. ಕೊನೆಗೆ ಎಲ್ಲ ತೆಗೆದು ಕಾಂತಪ್ಪನ ಒಂದು ಬನಿಯನ್ನು ಮಾತ್ರ ಬಿಟ್ಟಾಗ, ಹಾರ್ಬರ್ ಲೈನಿನ ಲೋಕಲ್ ರೈಲು ಹಾಯ್ದು ಹೋದ ಮೇಲಿನ ನಿಶ್ಶಬ್ದದಲ್ಲಿ, ಅಚ್ಚ ಕನ್ನಡದಲ್ಲಿ ಧಾರವಾಡ ಮಾತಾಡಿತು. ಗ್ಯಾಲರಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ದನಿ ಸಣ್ಣದಾಗಿತ್ತು, ಅದಕ್ಕೂ ತಮ್ಮ ಉಪಾಯವಿತ್ತು. ರೇಡಿಯೋವನ್ನು ಬಾಯಗಲದ ಹಿತ್ತಾಳೆ ಕೊಡದೊಳಗೆ ಕೂರಿಸಿದೆ. ದನಿ ದೊಡ್ಡದಾಯಿತು ನಿಜ. ವಾರ್ತೆ ಓದುವವರು ಬಾವಿಯೊಳಗೆ ಬಿದ್ದು ಅಲ್ಲಿಂದಲೇ ಕರ್ತವ್ಯ ಮುಂದುವರಿಸಿದಂತೆ ಕೇಳುತ್ತಿತ್ತು. ಬನಿಯನ್ನನ್ನು ಶುಕ್ರವಾರದವರೆಗೆ ಯಾರೂ ಮುಟ್ಟಬಾರದೆಂದು ಎಲ್ಲರಿಗೂ ಹೇಳಿದೆ.

ಶುಕ್ರವಾರ ನಾನು ಅರ್ಧ ದಿನ ರಜೆ ಹಾಕಿದೆ. ನಮ್ಮ ಗ್ಯಾಲರಿಗೆ ಬಿಸಿಲು ಬೀಳುವುದು ಮಧ್ಯಾಹ್ನ ಮೂರರಿಂದ ಮೂರೂವರೆಯವರೆಗೆ. ಅಷ್ಟರಲ್ಲಿ ಸೆಲ್ಲುಗಳು ಬೆಚ್ಚಗೆ ಕೂಡ ಆಗಲಿಲ್ಲ. ಬಿಸಿಲಿನ ಅಭಾವವಿದ್ದಲ್ಲಿ ತುಸು ಶಾಖ ಎಂದಿದ್ದಿರಿ. ಎಷ್ಟು ತುಸು, ಎಷ್ಟು ಹೊತ್ತು, ಯಾವ ಉರಿ ಎಂಬುದನ್ನು ಓದುಗರ ವಿವೇಕಕ್ಕೆ ಬಿಟ್ಟಿದ್ದಿರಿ. ನನ್ನ ವಿವೇಕದ ಮೇಲೆ ತಾವಿಟ್ಟ ಆ ವಿಶ್ವಾಸಕ್ಕೆ ಋಣಿ. ಆರು ಗಂಟೆಗೆ ನಾನು ಸ್ಟವ್ ಹಚ್ಚಿ, ರೊಟ್ಟಿಯ ಹಂಚು ಕಾಯಿಸಿ, ಮೂರೂ ಸೆಲ್ಲುಗಳನ್ನು ಅದರ ಮೇಲೆ ಸಾಲಾಗಿ ಮಲಗಿಸಿದೆ. ನೀರು ತುಂಬಿ ಬಂದ ಗುರುಬಾಯಿ ಬಾಗಿಲಲ್ಲೇ ನಿಂತುಬಿಟ್ಟಳು.

“ರೊಟ್ಟಿ ಸುಡೋ ಹಂಚಿನ ಮ್ಯಾಲ ಏನ್ ಸುಡ್ಲಕತ್ತೀರಿ?”

“ಸೆಲ್ಲು. ಶಾಖ ಕೊಡ್ಲಕತ್ತೀನಿ.”

“ಅವಕ್ಕೇನ್ ನೆಗಡಿ ಆಗ್ಯಾದೇನ್ರಿ?”

ನಾನು ಸ್ಟವ್ವಿನ ಉರಿ ಹೆಚ್ಚಿಸಿದೆ. ಒಂದು ಮಗ್ಗುಲಾದ ಮೇಲೆ ಇನ್ನೊಂದು ಮಗ್ಗುಲಿಗೆ ಹೊರಳಿಸಿದೆ. ಸ್ವಲ್ಪ ಹೊತ್ತಿಗೆ ಅವು ಬೆವರತೊಡಗಿದವು. ಕಂದು ಬಣ್ಣದ ಬೆವರು, ಕಾಕಂಬಿಯಂತೆ. ಹಳೆಯ ಅಶಕ್ತಿ ಹೊರಗೆ ಬರುತ್ತಿದೆಯೆಂದು ತಿಳಿದು, ಒರೆಸಿ, ರೇಡಿಯೋದೊಳಗೆ ಹಾಕಿ, ಅದನ್ನು ಮತ್ತೆ ಕೊಡದಲ್ಲಿ ಕೂರಿಸಿ ತಂತಿ ಕಟ್ಟಿದೆ. ಮತ್ತು ಮಾನ್ಯರೇ, ನಾನು ಸುಳ್ಳು ಹೇಳುವುದಿಲ್ಲ, ಅದು ಗರ್ಜಿಸಿತು! ಚರ್ಮದ ಅಂಗಿ ಅದುರುವಷ್ಟು ದೊಡ್ಡ ದನಿಯಲ್ಲಿ ಹಾಡಿತು. ಆರೂವರೆಯಿಂದ ಏಳರವರೆಗಿನ ಆ ಅರ್ಧ ಗಂಟೆ ನನ್ನ ಜೀವನದ ಅತ್ಯುತ್ತಮ ಕಾಲ. ಕಾಂತಪ್ಪನೊಬ್ಬನನ್ನು ಬಿಟ್ಟು ಎಲ್ಲ ಮನೆಯವರೂ ಗ್ಯಾಲರಿಗೆ ಬಂದು ಕುಳಿತರು. ದಾನವ್ವ ಕೆಲಸದಿಂದ ಸೀದಾ ಬಂದಿದ್ದಳು. ಸೀರೆಯ ಮೇಲೆ, ಹುಬ್ಬಿನ ಮೇಲೆ ಸಿಮೆಂಟಿನ ಧೂಳು. ಹತ್ತಿರ ಬಾ ಎಂದರೆ ಬರದೆ ಕಂಬಕ್ಕೊರಗಿ, ಬೇರೆ ಏನೋ ಕೆಲಸಕ್ಕೆ ನಿಂತವಳಂತೆ ಅತ್ತ ಮುಖ ಮಾಡಿ ನಿಂತಳು.

ಏಳಕ್ಕೆ ಸರಿಯಾಗಿ ಧಾರವಾಡ ಬಂತು. “ಈಗ ಸೇವಂತಿ ಮತ್ತು ಸಂಗಡಿಗರಿಂದ ಜನಪದ...” ಎಂಬಷ್ಟು ಕೇಳಿಸಿತು. ದಪ್ಪಿನ ಎರಡು ಪೆಟ್ಟು ಕೇಳಿಸಿತು. ಆಮೇಲೆ ದನಿ, ಯಾರೋ ಬಾಗಿಲು ಮುಚ್ಚುತ್ತಾ ಬಂದಂತೆ, ಸಣ್ಣದಾಗಿ, ಇನ್ನೂ ಸಣ್ಣದಾಗಿ, ನಿಂತೇ ಹೋಯಿತು. ನಾನು ಗುಂಡಿ ತಿರುಗಿಸಿದೆ, ಏರಿಯಲ್ಲು ಎಳೆದೆ, ಕೊಡ ತಟ್ಟಿದೆ. ರೇಡಿಯೋದ ಬೆನ್ನಿನ ಮುಚ್ಚಳ ತೆಗೆದರೆ ಒಳಗೆಲ್ಲ ಆ ಕಾಕಂಬಿ ಹರಿದು ತಂತಿಗಳು ಹಸಿರುಗಟ್ಟತೊಡಗಿದ್ದವು. ದಾನವ್ವ ಆಗ ನನ್ನ ಕಡೆ ತಿರುಗಿದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. “ಆತೇನ್ರಿ?” ಎಂದಷ್ಟೇ ಕೇಳಿದಳು. ಹದಿನೈದು ನಿಮಿಷದ ಹಾಡು ಎರಡು ಪೆಟ್ಟಿಗೇ ಮುಗಿಯಿತೆಂದು, ರೇಡಿಯೋದ ಹಾಡೆಂದರೆ ಇಷ್ಟೇ ಇರಬೇಕೆಂದು ತಿಳಿದುಕೊಂಡು ಕೇಳಿದ ಪ್ರಶ್ನೆ ಅದು. ಮಾನ್ಯರೇ, ಆ ಪ್ರಶ್ನೆಗೆ ಏನು ಉಪಾಯವಿದೆಯೆಂದು ತಾವು ಎಲ್ಲಿಯೂ ಬರೆದಿಲ್ಲ.

ಬುದ್ಧಿ ಓಡಿದ್ದು ಗುರುಬಾಯಿಗೆ. “ಕಾಂತಪ್ಪನ ಹೋಟೆಲದಾಗ ದೊಡ್ಡ ರೇಡಿಯೋ ಅದಲ್ರಿ! ಏಳ್ರಿ, ಓಡ್ರಿ!” ಎಂದಳು. ನಾನು ಓಡಿದೆ. ಬಿಟ್ಟು ಹೋಗುವ ಎಚ್ಚರ ಕೂಡ ಇಲ್ಲದೆ, ರೇಡಿಯೋ ಸಮೇತ ಕೊಡವನ್ನು ಕಂಕುಳಲ್ಲಿ ಅವುಚಿಕೊಂಡೇ ಓಡಿದೆ. ತಂತಿ ಕಿತ್ತುಕೊಂಡು ಹಿಂದೆಯೇ ಬಂತು. ತಂತಿಯ ತುದಿಯಲ್ಲಿ ಬನಿಯನ್ನೂ ಬಂತು. ದಿನಕ್ಕೆ ನೂರು ಸಲ ಬುಟ್ಟಿ ಹೊತ್ತು ಏಣಿ ಹತ್ತುವ ಕಾಲುಗಳು ದಾನವ್ವನವು. ಮೂಲೆ ತಿರುಗುವಷ್ಟರಲ್ಲಿ ಅವಳು ನನ್ನನ್ನು ಹಿಂದೆ ಹಾಕಿದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಪ್ರತಿ ತಿರುವಿನಲ್ಲಿ ನಿಂತು, “ಈಗ ಎಲ್ಲಿ?” ಎಂದು ನನ್ನತ್ತ ಕೂಗಿ, ನಾನು ಕೈ ತೋರಿಸಿದ ಕಡೆ ಮತ್ತೆ ಓಡುತ್ತಿದ್ದಳು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಒಬ್ಬ ಹೆಂಗಸನ್ನು ಕೊಡ ಹಿಡಿದ ಗಂಡಸು ಅಟ್ಟಿಸಿಕೊಂಡು ಹೋಗುತ್ತಿರುವುದಕ್ಕೆ ಏನು ಅರ್ಥ ಮಾಡಿಕೊಂಡರೋ ನಾನರಿಯೆ.

ಹೋಟೆಲು ತುಂಬಿತ್ತು. ಹಣ ಕಟ್ಟುವ ಗಲ್ಲೆಯ ಮೇಲಿನ ಹಲಗೆಯಲ್ಲಿ ದೊಡ್ಡ ರೇಡಿಯೋ ಸಿನಿಮಾ ಹಾಡು ಹಾಡುತ್ತಿತ್ತು. ಕಾಂತಪ್ಪ ಎರಡೂ ಕೈಯಲ್ಲಿ ದೋಸೆ ತಟ್ಟೆ ಹಿಡಿದು ಬರುತ್ತಿದ್ದವನು ನನ್ನನ್ನು ಕಂಡು ನಿಂತ.

“ಎಂತ ಮಾರಾಯ್ರೇ? ಕೊಡದಲ್ಲಿ ಎಂತ ಉಂಟು?”

“ಕಾಂತಪ್ಪ, ಧಾರವಾಡ ಹಚ್ಚು! ಆಮ್ಯಾಲ ಹೇಳ್ತೀನಿ, ಮೊದ್ಲ ಹಚ್ಚು!”

ಅವನು ಕೊಡದೊಳಗೆ ಇಣುಕಿದ. ಅವನ ಮುಖ ಆಗ ಹೇಗಾಯಿತೆಂದು ವರ್ಣಿಸಲು ನನಗೆ ಧೈರ್ಯವಿಲ್ಲ. ಆದರೆ ಹೊಸ್ತಿಲಾಚೆ, ಸಿಮೆಂಟು ಕಾಲಿನಲ್ಲಿ ಒಳಗೆ ಬರಲು ಹಿಂಜರಿದು ನಿಂತಿದ್ದ ದಾನವ್ವನನ್ನೂ ಅವನು ನೋಡಿದ. ತಟ್ಟೆಗಳನ್ನು ಎದುರಿಗಿದ್ದ ಮೇಜಿನ ಮೇಲೆ ಇಟ್ಟು, ಸ್ಟೂಲು ಹತ್ತಿ, ಮಾಲಕರನ್ನು ಕೇಳದೆಯೇ ಗುಂಡಿ ತಿರುಗಿಸಿದ. ಗಿರಾಕಿಗಳು “ಅರೇ, ಗಾನಾ ಲಗಾವ್ ನಾ!” ಎಂದು ಸಿನಿಮಾ ಹಾಡಿಗಾಗಿ ಕೂಗಿದರು. ಅಡುಗೆಮನೆಯಿಂದ ಮಾಲಕರು ಹೊರಗೆ ಬಂದು, “ಯಾರು ಸ್ಟೇಷನ್ ತಿರುಗಿಸಿದ್ದು?” ಎಂದು ಗದರಿದರು.

“ನಾನೇ ಧಣಿ. ಆ ಅಮ್ಮನ ಮಗಳು ಹಾಡ್ತಾ ಇದ್ದಾಳೆ, ಧಾರವಾಡದಲ್ಲಿ,” ಎಂದ ಕಾಂತಪ್ಪ, ಸ್ಟೂಲಿನ ಮೇಲಿಂದಲೇ. ಅದಕ್ಕಿಂತ ಸಣ್ಣ ತಪ್ಪಿಗೆ ಹೋಟೆಲಿನಲ್ಲಿ ಕೆಲಸ ಹೋಗುವುದುಂಟು. ಮಾಲಕರು ದಾನವ್ವನನ್ನು ನೋಡಿದರು, ಗಡಿಯಾರ ನೋಡಿದರು. ಆಮೇಲೆ ತಾವೇ ಕೈ ಚಾಚಿ ದನಿ ಏರಿಸಿ, “ಒಳಗೆ ಬನ್ನಿ ಅಮ್ಮ, ಕಾಲು ಹಾಗೇ ಇರ್ಲಿ,” ಎಂದರು.

ನಾಲ್ಕು ನಿಮಿಷ ಉಳಿದಿತ್ತು. ಮಾನ್ಯರೇ, ಆ ನಾಲ್ಕು ನಿಮಿಷದಲ್ಲಿ ದೋಸೆ ಹಂಚಿನ ಚುಂಯ್ ಸದ್ದನ್ನೂ ಅವರು ನಿಲ್ಲಿಸಿಬಿಟ್ಟರು. ಸೇವಂತಿಯ ದನಿ ಅಗಲವಾದ, ಬಿಸಿಲು ಕುಡಿದ ದನಿ. ಹೊಲಕ್ಕೆ ಎತ್ತು ಹೊಡೆದುಕೊಂಡು ಹೋಗುವ ಹಾಡು. ದಾನವ್ವ ಗಲ್ಲೆಯ ಹತ್ತಿರ ನಿಂತಿದ್ದಳು. ಯಾರೋ ಕೈಗೆ ಕೊಟ್ಟ ಕಾಫಿಯನ್ನು ಕುಡಿಯದೆ, ಇಡದೆ, ಲೋಟದ ಬಿಸಿಯೂ ತಿಳಿಯದೆ ಹಿಡಿದುಕೊಂಡಿದ್ದಳು. ಕೊನೆಯ ನುಡಿ ಬಂದಾಗ ಅವಳ ತುಟಿ ಅಲ್ಲಾಡತೊಡಗಿತು. ಹಾಡು ಮುಗಿಯಿತು. ಅವಳು ಅಳುತ್ತಾಳೆಂದು ನಾವೆಲ್ಲ ಕಾದೆವು.

“ಏಳ ಎತ್ತ ಅಂದ್ಳು!” ಎಂದಳು ದಾನವ್ವ, ಇಡೀ ಹೋಟೆಲಿಗೆ ಕೇಳುವಂತೆ. “ನಮ್ಮವ್ವ ಒಂಬತ್ತ ಎತ್ತ ಅಂತಿದ್ಳು. ನಾನೂ ಒಂಬತ್ತೇ ಕಲಿಸೀನಿ. ಎರಡ ಎತ್ತ ಎಲ್ಲಿ ಬಿಟ್ಟ ಬಂದಾಳ ಈಕಿ?”

ದಾನವ್ವ ರೇಡಿಯೋದ ಕಡೆ ಕೈ ಮಾಡಿದಳು. “ಮೊದಲಿನ ನುಡಿ ಹೆಂಗ ಹಾಡ್ಯಾಳೋ ಏನೋ, ಅದರಾಗ ಎಷ್ಟ ತಪ್ಪಿಸ್ಯಾಳೋ! ನಾ ಹೋಗಬೇಕ್ರಿ. ನಾ ಹೋಗಲಿಲ್ಲಂದ್ರ ಆಕಿ ಹಾಡೆಲ್ಲಾ ಹಾಳ ಮಾಡ್ತಾಳ,” ಎಂದು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲಲ್ಲಿ ಕುಳಿತಳು. ಆಗ ಅತ್ತಳು. ಗಿರಾಕಿಗಳು ತಣ್ಣಗಾದ ದೋಸೆಯನ್ನು ಸದ್ದಿಲ್ಲದೆ ತಿಂದರು.

ಈ ಹಂತದಲ್ಲಿ ತಾವು, ನನ್ನ ಉಪಾಯ ಕೆಟ್ಟದ್ದೇ ಒಳ್ಳೆಯದಾಯಿತಲ್ಲ, ಪೂರ್ತಿ ಹಾಡು ಕೇಳಿದ್ದರೆ ಆಕೆ ಮುಂಬಯಿಯಲ್ಲೇ ಉಳಿಯುತ್ತಿದ್ದಳಲ್ಲ ಎಂದು ಮನಸ್ಸಿನೊಳಗೆ ಸಂತೋಷಪಡುತ್ತಿರಬಹುದು. ದಯವಿಟ್ಟು ಪಡಬೇಡಿ. ಅದರ ಕೀರ್ತಿ ಸ್ಟೂಲು ಹತ್ತಿದ ಕಾಂತಪ್ಪನಿಗೂ, ಗುಂಡಿ ತಿರುವಿ ದನಿ ಏರಿಸಿದ ಮಾಲಕರಿಗೂ, ಹೋಟೆಲಿನ ನೆನಪು ಮಾಡಿದ ಗುರುಬಾಯಿಗೂ ಸೇರತಕ್ಕದ್ದು. ಅವರಲ್ಲಿ ಒಬ್ಬರೂ ತಮ್ಮ ಅಂಕಣವನ್ನು ಸ್ವತಃ ಓದುವವರಲ್ಲ.

ದಾನವ್ವ ಮರುದಿನವೇ ಮಗಳ ಬಳಿಗೆಂದು ಸೊಲ್ಲಾಪುರದ ಗಾಡಿ ಹತ್ತಿದಳು. ಕಾಂತಪ್ಪ ನನ್ನೊಡನೆ ಹದಿನೆಂಟು ದಿನ ಮಾತಾಡಲಿಲ್ಲ. ನಾಲ್ಕು ಅಂಗುಲದ ಗೋಡೆಯಾಚೆ ಅವನು ಕೆಮ್ಮಿದರೂ ನನಗೆ ಕೇಳಿಸುತ್ತದೆ. ಆದರೂ ಏನಾದರೂ ಹೇಳಬೇಕಾದರೆ ಗುರುಬಾಯಿಯನ್ನು ಕರೆದು, “ಅಕ್ಕ, ನಿಮ್ಮ ಯಜಮಾನ್ರಿಗೆ ಹೇಳಿ,” ಎಂದು ನನ್ನೆದುರಿಗೇ ಹೇಳಿಸುತ್ತಿದ್ದ. ಹತ್ತೊಂಬತ್ತನೆಯ ದಿನ, ದಾನವ್ವನ ಕಾರ್ಡು ಬಂತು. ಸೇವಂತಿಯ ಕೈಬರಹ, ದಾನವ್ವನ ಮಾತು. ನಾನು ಗ್ಯಾಲರಿಯಲ್ಲಿ ಓದತೊಡಗಿದಾಗ ಕಾಂತಪ್ಪ ತನ್ನ ಬಾಗಿಲಿಗೆ ಬಂದು ನಿಂತ.

“ಬಸವಂತರಾಯಪ್ಪಗ ಶರಣು. ನಾ ಆರಾಮ ಇದ್ದೀನಿ. ಆಕಿಗಿ ಎಲ್ಲಾ ಹಾಡ ಕುಂದ್ರಿಸಿ ಹಾಡಿಸಿದೆ. ಐದ ನುಡಿ ನಾ ತಿದ್ದೀನಿ. ಒಂದ ನುಡಿ ಆಕಿ ನನಗ ತಿದ್ದಿದ್ಳು. ಆಕೀದು ಖರೇ ಇತ್ತು. ಅಳಿಯ ದಪ್ಪ ಚಲೋ ಬಾರಿಸ್ತಾನ. ಸದ್ಯ ನಾ ಬರಾಂಗಿಲ್ಲ. ಖೋಲಿ ಯಾರಿಗಾದ್ರೂ ಕೊಡ್ರಿ.”

ಓದಿ ಮುಗಿಸಿದೆ. ಕಾಂತಪ್ಪ ನನ್ನ ಮುಖ ನೋಡಿಯೇ ಹೇಳಿದ: “ಇನ್ನೊಮ್ಮೆ ಓದಿ ಬಸವಂತರಾಯ್ರೇ. ಆ ತಿದ್ದಿದ್ದು ಉಂಟಲ್ಲ, ಅಲ್ಲಿಂದ.” ನಾನು ಇನ್ನೊಮ್ಮೆ ಓದಿದೆ.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಕೆಲವು ವಿನಮ್ರ ಕೋರಿಕೆಗಳಿವೆ. ಇನ್ನು ಮುಂದೆ ತಾವು ಪ್ರತಿಯೊಂದು ಉಪಾಯದ ಜೊತೆಗೆ, ಅದು ಫಲಿಸುವವರೆಗೆ ಓದುಗನ ಮನೆಯಲ್ಲಿ ನಿಲ್ಲಲು ಒಬ್ಬ ಮನುಷ್ಯನನ್ನು ಕಳಿಸಿಕೊಡಬೇಕು. ಅವನ ಊಟದ ವ್ಯವಸ್ಥೆ ನಾವು ಮಾಡುತ್ತೇವೆ, ಮಲಗಲು ಮಾತ್ರ ಗ್ಯಾಲರಿ. ‘ತುಸು’, ‘ಆದೀತು’, ‘ಸಾಕೆನ್ನಬಹುದು’ ಎಂಬ ಪದಗಳನ್ನು ತಮ್ಮ ಮುದ್ರಣಾಲಯದ ಅಚ್ಚಿನ ಮೊಳೆಗಳಿಂದಲೇ ತೆಗೆಸಿ ಸಮುದ್ರಕ್ಕೆ ಹಾಕಿಸಬೇಕು. ಧಾರವಾಡದಲ್ಲಿ ಹಾಡು ನಡೆಯುವ ಹದಿನೈದು ನಿಮಿಷ ಹಾರ್ಬರ್ ಲೈನಿನ ಲೋಕಲ್ಲುಗಳು ಇದ್ದಲ್ಲೇ ನಿಲ್ಲುವಂತೆ ರೈಲ್ವೆಯವರಿಗೆ ತಮ್ಮ ಪ್ರಭಾವ ಬಳಸಿ ಒಂದು ಮಾತು ಹೇಳಬೇಕು. ಮತ್ತು ಹೊಸ ಸೆಲ್ಲು ಕೊಂಡು ಹಾಕುವುದು ಕೂಡ ಒಂದು ಉಪಾಯವೇ ಎಂದು, ವರ್ಷಕ್ಕೊಮ್ಮೆಯಾದರೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕು. ಅದನ್ನು ಗಟ್ಟಿಯಾಗಿ ಓದಿ ಹೇಳುವ ಹೊಣೆ ನನ್ನದು.

ಇಷ್ಟಾದರೂ ಚಂದಾ ನಿಲ್ಲಿಸುವ ಧೈರ್ಯವಿಲ್ಲದೆ, ಹೆಂಡತಿಗೆ ಕಾಣದಂತೆ ಕಾರ್ಖಾನೆಯ ವಿಳಾಸಕ್ಕೆ ಪತ್ರಿಕೆ ತರಿಸಿಕೊಳ್ಳುತ್ತಿರುವ,

ತಮ್ಮ ವಿಶ್ವಾಸಿ,
ಬಸವಂತರಾಯ

ತಾಜಾಕಲಂ: ಕಾಂತಪ್ಪನ ರೇಡಿಯೋ ಧಾರಾವಿಯ ಒಬ್ಬ ಮೆಕ್ಯಾನಿಕ್ಕಿನ ಕೈಯಲ್ಲಿ ಬದುಕಿತು. ಸೆಲ್ಲು ಬಿಸಿ ಮಾಡಲು ಹೇಳಿದ ಪಂಡಿತರು ಯಾರೆಂದು ಅವನು ಕೇಳಿದ. ತಮ್ಮ ಹೆಸರನ್ನೂ ಪತ್ರಿಕೆಯ ಹೆಸರನ್ನೂ ಬರೆದುಕೊಟ್ಟೆ. ಅದೇ ವಾರ ಅವನಿಗೆ ಇಂಥವೇ ಹನ್ನೊಂದು ರೇಡಿಯೋ ಬಂದಿದ್ದವಂತೆ. ತಮಗೆ ಸಲಾಂ ತಿಳಿಸಿದ್ದಾನೆ. “ಉನ್ಕೋ ಬೋಲೋ, ಲಿಖ್ತೇ ರಹೇ,” ಅಂದರೆ ಅವರು ಬರೆಯುತ್ತಲೇ ಇರಲಿ, ಎಂದಿದ್ದಾನೆ. ಬೇಸಿಗೆ ಹತ್ತಿರ ಬಂದಿರುವುದರಿಂದ ಮುಂದಿನ ವಾರ ಟೇಬಲ್ ಫ್ಯಾನಿನ ಬಗ್ಗೆ ಬರೆಯಲು ಸಾಧ್ಯವೇ ಎಂದೂ ವಿಚಾರಿಸಿದ್ದಾನೆ.